ಮಂಗಳೂರಕ್ಕನ ಡಬ್ಬಿ ಮತ್ತು ಆಫೀಸಿನ ಕ್ರಿಸ್‌ಮಸ್ ಪಾರ್ಟಿ

ಡಿಸೆಂಬರ್ ಮೊದಲ ವಾರ. ಅಂಗಳದಲ್ಲಿ ರಾಗಿ ಹರವಿ ಒಣಗಲು ಬಿಟ್ಟಿದ್ದೆ. ಕೋಳಿ ಓಡಿಸುತ್ತ ಕೂತಿದ್ದಾಗ ಮೊಬೈಲ್ ಟಿಂಗ್ ಅಂತು. ನೋಡಿದರೆ ಆಫೀಸಿನ ಮೇಲ್. ಕೆಂಪು ಟೋಪಿ, ಹಸಿರು ಗಿಡ, ಗಂಟೆಯ ಚಿತ್ರ. ಡಿಸೆಂಬರ್ 19, ಶುಕ್ರವಾರ ಸಂಜೆ 7ಕ್ಕೆ ಬೆಂಗಳೂರಿನ ಹೋಟೆಲೊಂದರಲ್ಲಿ ಕ್ರಿಸ್‌ಮಸ್ ಪಾರ್ಟಿ, 10ನೇ ತಾರೀಖಿನೊಳಗೆ ತಿಳಿಸಿ ಅಂತ ಬರೆದಿದ್ದರು. ಕೆಳಗೆ ಎರಡೇ ಗುಂಡಿ: ‘ಬರುತ್ತೇನೆ’, ‘ಬರುವುದಿಲ್ಲ’. ಎರಡರಲ್ಲಿ ಒಂದನ್ನು ಒತ್ತೋಕೆ ನನಗೆ ಆರು ದಿನ ಬೇಕಾಯ್ತು. ಆ ಆರು ದಿನದ ಕಥೆ ಇದು.

ನಮ್ಮೂರು ಸೊಕ್ಕೆ. ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ. ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ, ರಾಗಿ, ಈರುಳ್ಳಿ. ಬಾರದಿದ್ದರೆ ಆಕಾಶ ನೋಡೋದು. ಮದುವೆಯಾದ ಮೇಲೂ ಒಂಬತ್ತು ವರ್ಷ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿದವಳು ನಾನು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮಗಳನ್ನು ಕರಕೊಂಡು, ಎರಡು ಬ್ಯಾಗ್ ಹಿಡಿದು, ‘ಹದಿನೈದು ದಿನ’ ಅಂತ ಊರಿಗೆ ಬಂದೆವು. ಮುಂದಿನ ವರ್ಷ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅದರ ಮರು ವರ್ಷ ಮಾವ ತೀರಿಕೊಂಡರು. ನಮ್ಮನೆಯವರು ಹೊಲ ಹಿಡಿದರು. ನಾನು ಮಾಳಿಗೆಯ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್, ಯುಪಿಎಸ್, ಎರಡು ಕಂಪನಿಯ ಸಿಮ್ ಇಟ್ಟುಕೊಂಡು ಅದೇ ಕೆಲಸ ಮುಂದುವರಿಸಿದೆ. ತಿಂಗಳ ಸಂಬಳ ಬರುತ್ತದೆ. ಬ್ಯಾಂಕಿನ ಸಾಲದ ಕಂತು ಅದರಲ್ಲೇ ಹೋಗುತ್ತದೆ. ಹಾಗಾಗಿ ಈ ಕೆಲಸ ನಮ್ಮನೆಯಲ್ಲಿ ಇನ್ನೊಂದು ಬೋರ್‌ವೆಲ್ ಇದ್ದಂಗೆ. ಅದು ಬತ್ತಬಾರದು.

ಹಿಂದಿನ ಎರಡು ವರ್ಷದ ಪಾರ್ಟಿಗೂ ನಾನು ಹೋಗಿರಲಿಲ್ಲ. ಒಂದು ಸಲ ಮಗಳಿಗೆ ಜ್ವರ ಅಂದೆ. ಇನ್ನೊಂದು ಸಲ ಊರಲ್ಲಿ ಮದುವೆ ಅಂದೆ. ಜ್ವರ ಬಂದದ್ದು ನಿಜ, ಆದರೆ ಪಾರ್ಟಿಗೆ ಎರಡು ದಿನ ಮುಂಚೆಯೇ ಇಳಿದಿತ್ತು. ಮದುವೆಯಂತೂ ಇರಲೇ ಇಲ್ಲ.

ಈ ಸಲ ಸುಳ್ಳು ಹೇಳೋದು ಕಷ್ಟವಿತ್ತು. ಜನವರಿಯಿಂದ ವಾರಕ್ಕೆ ಮೂರು ದಿನ ಎಲ್ಲರೂ ಆಫೀಸಿಗೆ ಬರಬೇಕು ಅನ್ನೋ ಸುದ್ದಿ ಹಬ್ಬಿತ್ತು. ದೂರದಲ್ಲಿರುವವರಿಗೆ ವಿನಾಯಿತಿ ಕೊಡೋದು ಬಿಡೋದು ಮ್ಯಾನೇಜರ್ ಕೈಯಲ್ಲಿ. ಅವರು ಫೋನಿನಲ್ಲಿ ನಗುತ್ತಲೇ, “ಮೇಡಂ, ಈ ಸಲ ಒಂದ್ಸಲ ಮುಖ ತೋರಿಸಿ” ಅಂದಿದ್ದರು. ಆ ಮಾತು ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತ್ತು. ಇದು ಹಬ್ಬಕ್ಕೆ ಕರೆಯೋ ರೀತಿಯೋ, ಹಾಜರಿ ಕೂಗೋ ರೀತಿಯೋ?

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ನಮ್ಮನೆಯವರು ತಟ್ಟೆ ನೋಡುತ್ತಲೇ, “ರಾತ್ರಿ ಪಾರ್ಟಿನಾ?” ಅಂದರು. ಅಷ್ಟೇ. ಆ ಎರಡು ಮಾತಿನಲ್ಲಿ ಎಷ್ಟು ಪ್ರಶ್ನೆ ಇದ್ದವು ಅಂತ ಹೆಂಗಸರಿಗೆ ಹೇಳಬೇಕಿಲ್ಲ.

ಅತ್ತೆ ಗೋಡೆಯ ಕ್ಯಾಲೆಂಡರ್ ಕಡೆ ಕೈ ತೋರಿಸಿದರು. “ಶುಕ್ರವಾರ ಅಮಾಸೆ ಐತೆ ನೋಡು. ಎಳ್ಳಮಾಸೆ ದಿನ ಹೊಸಲು ದಾಟಿ ಬೆಂಗ್ಳೂರಿಗೆ ಹೋಗ್ತೀಯೇನವ್ವ?”

ನಾನು ಸುಮ್ಮನಿರದೆ, “ಕ್ರಿಸ್ತರ ಹಬ್ಬ ಅಂತ ಬ್ಯಾಡ ಅಂತೀರಾ ಅತ್ತೆ?” ಅಂದುಬಿಟ್ಟೆ.

ಅವರಿಗೆ ಸಿಟ್ಟು ಬಂತು. “ನಿಮ್ಮ ಮಾವನಿಗೆ ಕಾಲು ಊದಿದಾಗ ಹರಿಹರದ ಆರೋಗ್ಯ ಮಾತೆ ಗುಡಿಗೆ ಹರಕೆ ಹೊತ್ತು ಮೇಣದಬತ್ತಿ ಹಚ್ಚಿ ಬಂದೋಳು ನಾನು. ನಂಗೆ ಹಬ್ಬ ಹೇಳ್ಕೊಡ್ತೀಯಾ? ಅಮಾಸೆ ಅಂದೆ, ಅಷ್ಟೇ.”

ನಿಜ. ನಮ್ಮ ಕಡೆಯಿಂದ ಹರಿಹರದ ಆ ಚರ್ಚಿಗೆ, ಸೆಪ್ಟೆಂಬರ್ 8ರ ಉತ್ಸವಕ್ಕೆ ಜಾತಿ ಧರ್ಮ ನೋಡದೆ ಜನ ಹೋಗುತ್ತಾರೆ. ನಾನು ಅತ್ತೆಯ ತಲೆಯ ಮೇಲೆ ಹಾಕಲು ಹೊರಟಿದ್ದ ನೆಪ ಅವರದ್ದಲ್ಲ, ನನ್ನದೇ.

ಆ ರಾತ್ರಿ ಮಲಗಿದಾಗ ನನಗೆ ನಾನೇ ಪ್ರಾಮಾಣಿಕವಾಗಿ ಕೇಳಿಕೊಂಡೆ. ಅಮಾವಾಸ್ಯೆ ಇಲ್ಲದಿದ್ದರೆ ಹೋಗ್ತಿದ್ಯಾ? ಇಲ್ಲ. ಅತ್ತೆ ಗಟ್ಟಿಯಾಗಿದ್ದರೆ ಹೋಗ್ತಿದ್ಯಾ? ಆಗಲೂ ಅನುಮಾನವೇ. ನನಗೆ ಭಯ. ಐದೂವರೆ ವರ್ಷದಿಂದ ಅವರ ಪಾಲಿಗೆ ನಾನು ಪರದೆಯ ಮೇಲಿನ ಒಂದು ಚೌಕ. ಕುತ್ತಿಗೆಯಿಂದ ಮೇಲೆ ಮಾತ್ರ ಇರುವವಳು. ಅವರೆಲ್ಲ ಒಟ್ಟಿಗೆ ಊಟ ಮಾಡಿದವರು, ಒಟ್ಟಿಗೆ ಟ್ರಿಪ್ ಹೋದವರು. ಅವರ ನಗೆಮಾತು ನನಗೆ ಅರ್ಥವಾಗಲ್ಲ. ಹೊಸ ಹುಡುಗ ಹುಡುಗಿಯರ ಇಂಗ್ಲಿಷ್ ಓಟಕ್ಕೆ ನನ್ನ ನಾಲಿಗೆ ಹೊರಳಲ್ಲ. ಬಿಸಿಲಿಗೆ ಮುಖ ಕಪ್ಪಾಗಿದೆ. ಉಡೋಕೆ ಇರೋದು ಮದುವೆ ಮುಂಜಿಗೆ ಉಡೋ ಸೀರೆ, ಇಲ್ಲ ಮನೆಯ ಚೂಡಿದಾರ. ಗೋಡೆ ಪಕ್ಕ ಜ್ಯೂಸ್ ಲೋಟ ಹಿಡಿದು ಒಬ್ಬಳೇ ನಿಂತಿರೋ ನನ್ನ ಚಿತ್ರ ಕಣ್ಣಮುಂದೆ ಬರ್ತಿತ್ತು. ಅತ್ತೆಯ ಸೊಂಟ, ಮಗಳ ಜ್ವರ, ಊರ ಮದುವೆ ಎಲ್ಲ ಆ ಭಯಕ್ಕೆ ನಾನು ಹೊದಿಸಿದ ಕಂಬಳಿ.

ಮರುದಿನ ಬೆಳಿಗ್ಗೆ ‘ಬರುವುದಿಲ್ಲ’ ಒತ್ತಬೇಕು ಅಂತ ಮೊಬೈಲ್ ಹಿಡಿದೆ. ನೆಟ್‌ವರ್ಕ್ ಇರಲಿಲ್ಲ. ಟವರ್ ದೊಡ್ಡ ಮನಸ್ಸು ಮಾಡಿತ್ತು.

ಅಷ್ಟರಲ್ಲಿ ಅತ್ತೆ ಕರೆದರು. ಊರೊಳಗಿನ ಮನೆಯೊಂದರಲ್ಲಿ ಮದುವೆ ಗೊತ್ತಾಗಿದೆ, ಮುಯ್ಯಿ ಪುಸ್ತಕ ತೆಗೆದು ನೋಡು ಅಂದರು.

ಮುಯ್ಯಿ ಅಂದರೆ ಪೇಟೆಯ ಓದುಗರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ಉಡುಗೊರೆ ಕೊಡೋದಕ್ಕೆ ಮುಯ್ಯಿ ಅಂತಾರೆ. ಒಬ್ಬರು ಪುಸ್ತಕ ಹಿಡಿದು ಕೂತು ಬರೆದುಕೊಳ್ಳುತ್ತಾರೆ, ಯಾರದು ಎಷ್ಟು ಅಂತ ಮೈಕಿನಲ್ಲಿ ಓದಿಸುವುದೂ ಉಂಟು. ಆ ಪುಸ್ತಕ ಪೆಟ್ಟಿಗೆಯಲ್ಲಿ ಭದ್ರ. ಅವರ ಮನೆಯಲ್ಲಿ ಕಾರ್ಯವಾದಾಗ ಪುಟ ತಿರುವಿ, ಅವರು ಕೊಟ್ಟದ್ದಕ್ಕೆ ನಾಲ್ಕು ಕಾಸು ಸೇರಿಸಿ ತಿರುಗಿಸುತ್ತೇವೆ. ಹೊಲದ ಕೆಲಸದಲ್ಲೂ ಇದೇ ಲೆಕ್ಕ. ಇವತ್ತು ನಿಮ್ಮ ಹೊಲಕ್ಕೆ ನಾವು ಬಂದರೆ, ನಾಳೆ ನಮ್ಮ ಹೊಲಕ್ಕೆ ನೀವು. ಅದಕ್ಕೆ ಮುಯ್ಯಾಳು ಅನ್ನೋ ಹೆಸರು. ದುಡ್ಡು ಇಲ್ಲದ ಕಾಲದಲ್ಲಿ ಊರು ನಡೆದದ್ದೇ ಹೀಗೆ.

ಪುಟ ತಿರುವುತ್ತ ಕೂತಿದ್ದೆವು. ಅತ್ತೆಗೆ ಓದು ಬರಲ್ಲ. ಆದರೆ ಒಂದೊಂದು ಹೆಸರಿಗೂ ಅವರ ಮನೆತನದ ಕಥೆ ಬರುತ್ತದೆ. ಇದ್ದಕ್ಕಿದ್ದಂತೆ, “ಆ ಮಂಗ್ಳೂರು ಹುಡುಗಿ ಬರ್ತಾಳಾ ಆ ಪಾರ್ಟಿಗೆ?” ಅಂದರು.

ಮಂಗಳೂರು ಹುಡುಗಿಗೆ ಈಗ ಐವತ್ತೇಳು ವರ್ಷ. ನಮ್ಮ ವಿಭಾಗದಲ್ಲಿ ಹಿರಿಯರು. ಮಂಗಳೂರಿನ ಕ್ರಿಶ್ಚಿಯನ್ ಮನೆತನದವರು, ನಾನು ಮಂಗಳೂರಕ್ಕ ಅಂತ ಕರೀತೀನಿ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಊಟದ ಡಬ್ಬಿ ಬಿಚ್ಚಲು ನಾಚಿ ಕೂತಿದ್ದಾಗ, ಎದುರು ಬಂದು ಕೂತು, “ಎಂತ ತಂದದ್ದು? ರೊಟ್ಟಿಯಾ? ನನಗೊಂದು ತುಂಡು ಕೊಡು ಮಾರಾಯ್ತಿ” ಅಂದವರು.

2022ರಲ್ಲಿ ಮಾವ ತೀರಿಕೊಂಡಾಗ ಆಫೀಸಿನ ಗುಂಪಿನಲ್ಲಿ ನಲವತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ಒಬ್ಬರೇ ಒಬ್ಬರು ಮನೆಗೆ ಬಂದರು. ರಾತ್ರಿ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬಂದು, ಅಲ್ಲಿಂದ ಜಗಳೂರು, ಅಲ್ಲಿಂದ ಕೇಳಿಕೊಂಡು ಕೇಳಿಕೊಂಡು ಸೊಕ್ಕೆಗೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒಂದು ಬಾಳೆಹಣ್ಣಿನ ಚಿಪ್ಪು. ಅತ್ತೆಯ ಪಕ್ಕ ಚಾಪೆಯ ಮೇಲೆ ಕೂತು ಒಂದು ತಾಸು ಕೈ ಹಿಡಿದುಕೊಂಡಿದ್ದರು. ಅವರ ಮಂಗಳೂರು ಕನ್ನಡ ಅತ್ತೆಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಮಧ್ಯಾಹ್ನ ಮುದ್ದೆ ನುಂಗಲು ಹೋಗಿ ಕೆಮ್ಮಿದಾಗ, ಸಾವಿನ ಮನೆಯಲ್ಲಿ ಅತ್ತೆ ಮೊದಲ ಸಲ ನಕ್ಕರು.

ಅವತ್ತಿನಿಂದ ಪ್ರತಿ ಡಿಸೆಂಬರಿಗೂ ಕೊರಿಯರಿನಲ್ಲಿ ಒಂದು ತಗಡಿನ ಡಬ್ಬಿ ಬರುತ್ತದೆ. ಅದರೊಳಗೆ ಕುಸ್ವಾರ್. ಮಂಗಳೂರು ಕಡೆಯ ಕ್ರಿಶ್ಚಿಯನ್ನರು ಕ್ರಿಸ್‌ಮಸ್ಸಿಗೆ ಮನೆಯಲ್ಲೇ ಮಾಡುವ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ಕಿಡಿಯೊ, ಗುಳಿಯೊ, ಗುಲಾಬಿ ಹೂವಿನ ಅಚ್ಚಿನ ತಿಂಡಿ, ಚಕ್ಕುಲಿ, ನೆವ್ರಿ. ನೆರೆಹೊರೆಯವರ ಮನೆಗಳಿಗೂ ತಟ್ಟೆಯಲ್ಲಿ ಹಂಚುತ್ತಾರಂತೆ. ಮೊದಲ ಸಲ ನೆವ್ರಿ ಬಾಯಿಗಿಟ್ಟು ಅತ್ತೆ, “ಇದು ನಮ್ಮ ಕರ್ಜಿಕಾಯಿ ಅಲ್ಲೇನೆ? ಕೊಬ್ರಿ, ಎಳ್ಳು ಎಲ್ಲ ಐತೆ” ಅಂದಿದ್ದರು. ಹೌದು, ಕರ್ಜಿಕಾಯಿಯೇ. ಹೆಸರು ಬೇರೆ.

“ಬರ್ತಾರೆ ಅತ್ತೆ,” ಅಂದೆ. “ಜನವರಿಗೆ ಅವ್ರು ಕೆಲಸ ಬಿಟ್ಟು ಮಂಗ್ಳೂರಿಗೇ ಹೋಗ್ತಾರೆ. ಇದೇ ಕೊನೆ ಪಾರ್ಟಿ.”

ಅತ್ತೆ ಮುಯ್ಯಿ ಪುಸ್ತಕ ಮುಚ್ಚಿದರು. “ಸತ್ತಾಗ ಬಂದೋರ ಹೆಸ್ರು ಇದ್ರಾಗೆ ಬರೆಯಲ್ಲ ಕಣವ್ವ. ಅದು ತಿರುಗಿಸಾಕೆ ಸುಲಭ ಅಲ್ಲ. ಆ ಹುಡುಗಿ ಅಷ್ಟು ದೂರದಿಂದ ಕೇಳ್ಕೊಂಡು ಬಂದ್ಲು. ನಿಂಗೆ ದಾರಿ ಗೊತ್ತಿದ್ದೂ ಹೋಗಾಕೆ ಆಗಲ್ವಾ?” ಆಮೇಲೆ ತಡೆದು, “ಆ ಡಬ್ಬಿಗಳು ಅಟ್ಟದ ಮೇಲೆ ಮೂರು ಖಾಲಿ ಬಿದ್ದಾವೆ. ನಮ್ಮನೇಲಿ ಯಾರ ಪಾತ್ರೆ ಖಾಲಿ ಇಟ್ಕಂಡಿದೀವಿ ಹೇಳು?”

ನನಗೆ ಮಾತೇ ಹೊರಡಲಿಲ್ಲ. ಕಂಪನಿ ಕರೆಯಿತು ಅಂತ ನಾನು ಲೆಕ್ಕ ಹಾಕುತ್ತ ಕೂತಿದ್ದೆ. ಕಂಪನಿಗೂ ನನಗೂ ಮುಯ್ಯಿ ಇಲ್ಲ. ಕೆಲಸ ಮಾಡ್ತೀನಿ, ಸಂಬಳ ಕೊಡ್ತಾರೆ, ಲೆಕ್ಕ ಚುಕ್ತಾ. ಆದರೆ ಆ ಹೋಟೆಲಿನೊಳಗೆ ಇರುವ ಒಬ್ಬರಿಗೆ ನಾನು ತಿರುಗಿಸಬೇಕಾದದ್ದು ಇತ್ತು. ಹೋಗೋದು ಬಿಡೋದು ಅಲ್ಲಿಗೇ ತೀರ್ಮಾನವಾಯ್ತು.

ತೀರ್ಮಾನವಾದ ಮೇಲೆ ಉಳಿದದ್ದು ಹೇಗೆ ಅನ್ನೋದು. ಇದನ್ನು ಬಿಡಿಸಿ ಬರೀತೀನಿ, ನನ್ನ ಹಾಗೆ ಹಳ್ಳಿಯಲ್ಲಿ ಕೂತು ಪೇಟೆ ಕೆಲಸ ಮಾಡೋ ಅಕ್ಕತಂಗಿಯರಿಗೆ ಬೇಕಾಗಬಹುದು.

ಮೊದಲು ಅಮಾವಾಸ್ಯೆ. ಅದಕ್ಕೆ ದಾರಿ ಹೇಳಿದ್ದೂ ಅತ್ತೆಯೇ. “ಗುರುವಾರನೇ ಹೊರಡು. ಅಮಾಸೆ ದಿನ ಪ್ರಯಾಣ ಬ್ಯಾಡ, ಅಲ್ಲೇ ಇರು.” ಇದರಿಂದ ನಾನು ಎಣಿಸದ ಲಾಭವಾಯ್ತು. ಶುಕ್ರವಾರ ಇಡೀ ದಿನ ಆಫೀಸಿನಲ್ಲಿ ಕೂರಲು ಸಿಕ್ಕಿತು. ಮ್ಯಾನೇಜರ್ ಹತ್ತಿರ ಮಾತಾಡೋದನ್ನು ರಾತ್ರಿಯ ಗದ್ದಲದಲ್ಲಿ, ಕೈಯಲ್ಲಿ ಲೋಟ ಹಿಡಿದವರ ನಡುವೆ ಮಾತಾಡಬೇಕಾಗಲಿಲ್ಲ. ಹಗಲು ಹೊತ್ತಿನಲ್ಲಿ, ಮೇಜಿನ ಎದುರು ಕೂತು ಮಾತಾಡಿದೆ.

ಎರಡನೆಯದು ಅತ್ತೆಯನ್ನು ನೋಡಿಕೊಳ್ಳೋದು. ರಾತ್ರಿ ಎರಡು ಸಲ ಎಬ್ಬಿಸಿ ಬಚ್ಚಲಿಗೆ ಕರಕೊಂಡು ಹೋಗಬೇಕು, ಅದು ಗಂಡಸರ ಕೈಲಿ ಆಗೋ ಕೆಲಸವಲ್ಲ ಅಂತ ಅವರ ಸಂಕೋಚ. ನಮ್ಮ ನೆಗೆಣ್ಣಿ, “ಎರಡು ರಾತ್ರಿ ನಾನು ಬಂದು ಮಲಗ್ತೀನಿ ಬಿಡಕ್ಕ. ನಮ್ಮ ರಾಗಿ ಒಕ್ಕಣೆ ದಿನ ನೀನು ಬಂದ್ರೆ ಸಾಕು” ಅಂದಳು. ನೋಡಿ, ಒಂದು ಮುಯ್ಯಿ ತೀರಿಸೋಕೆ ಇನ್ನೊಂದು ಮುಯ್ಯಿ. ಆ ಸೋಮವಾರ ರಜೆ ಹಾಕಿ ಒಕ್ಕಣೆಗೆ ಹೋದೆ, ಆ ಮಾತು ಬೇರೆ.

ಮೂರನೆಯದು ದಾರಿ. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಜಿಲ್ಲೆ ಬದಲಾದರೂ ಬೆಂಗಳೂರಿಗೆ ನಮ್ಮ ದಾರಿ ಇವತ್ತಿಗೂ ದುರ್ಗದ ಮೇಲೇ. 250 ಕಿಲೋಮೀಟರಿಗೆ ಕಡಿಮೆಯಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಎಸಿ, ಸ್ಲೀಪರ್ ಬಸ್ಸಿಗೆ ಅದು ನಡೆಯಲ್ಲ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡೆ. ‘ಪಾರ್ಟಿಗೆ ಅಂತ ದುಡ್ಡು ಸುರೀತಾಳೆ’ ಅನ್ನೋ ಮಾತಿಗೆ ಜಾಗ ಇರಲಿಲ್ಲ.

ನಾಲ್ಕನೆಯದು ರಾತ್ರಿ. ಉಳಿಯೋದು ಮಂಗಳೂರಕ್ಕನ ಮನೆಯಲ್ಲಿ, ಹೋಗಿ ಬರೋದು ಅವರ ಜೊತೆಯಲ್ಲಿ, ಒಂಬತ್ತು ಗಂಟೆಗೆ ಹೊರಡುತ್ತೇವೆ ಅಂತ ಮುಂಚೆಯೇ ಹೇಳಿಬಿಟ್ಟೆ. ನಮ್ಮನೆಯವರಿಗೆ ಅವರ ಫೋನ್ ನಂಬರ್ ಕೊಟ್ಟೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆಫೀಸಿನ ನಾಲ್ಕು ಗೋಡೆಗೆ ಮಾತ್ರ ಸೀಮಿತವಲ್ಲ. ಕೆಲಸದ ನಿಮಿತ್ತ ನೌಕರರು ಹೋಗುವ ಜಾಗ, ಕಂಪನಿ ಕೊಡುವ ವಾಹನ ಎಲ್ಲವೂ ಅದರಲ್ಲಿ ‘ಕೆಲಸದ ಸ್ಥಳ’ವೇ. ಹತ್ತು ಜನ ಇಲ್ಲವೇ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳಲು ಒಂದು ಆಂತರಿಕ ಸಮಿತಿ ಇರಲೇಬೇಕು. ಕಂಪನಿ ನಡೆಸುವ ಪಾರ್ಟಿಯಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ, ‘ಪಾರ್ಟಿಯಲ್ಲಿ ಆದದ್ದು ತಾನೆ’ ಅಂತ ತಳ್ಳಿಹಾಕಲು ಆಗಲ್ಲ. ನಮ್ಮನೆಯವರಿಗೆ ಇದನ್ನು ಹೇಳಿದಾಗ, “ಇದನ್ನ ಮೊದಲೇ ಹೇಳಬಾರದಿತ್ತಾ?” ಅಂದರು.

10ನೇ ತಾರೀಖು ಸಂಜೆ ‘ಬರುತ್ತೇನೆ’ ಒತ್ತಿದೆ. ಮೂರು ದಿನ ಕೂತು ಮಗಳು, ನಾನು, ಅತ್ತೆ ಕರ್ಜಿಕಾಯಿ, ಶೇಂಗಾ ಉಂಡೆ ಮಾಡಿದೆವು. ಅತ್ತೆ ಮಂಚದ ಮೇಲೆ ಕೂತೇ ಕರ್ಜಿಕಾಯಿ ಅಂಚು ಮಡಿಚಿದರು. ಮೂರೂ ಡಬ್ಬಿ ತುಂಬಿದವು.

ಪಾರ್ಟಿ ಹೇಗಿತ್ತು ಅಂತ ಕೇಳ್ತೀರಲ್ಲ? ನಾನು ಹೆದರಿದ್ದು ಪೂರ್ತಿ ಸುಳ್ಳಾಗಲಿಲ್ಲ. ಮೊದಲ ಅರ್ಧ ಗಂಟೆ ಗೋಡೆ ಪಕ್ಕ ಜ್ಯೂಸ್ ಲೋಟ ಹಿಡಿದು ನಿಂತೇ ಇದ್ದೆ. ಹಾಡು ಕಿವಿಗೆ ಹೊಡೆಯುತ್ತಿತ್ತು. ಒಬ್ಬ ಹುಡುಗ ಬಂದು, “ನೀವು ಇಷ್ಟು ಎತ್ತರ ಅಂತ ಗೊತ್ತೇ ಇರ್ಲಿಲ್ಲ ಮೇಡಂ” ಅಂದ. ದಿನಾ ಬೆಳಿಗ್ಗೆ ಅವನ ಜೊತೆ ಮಾತಾಡ್ತೀನಿ, ಆದರೆ ಅವನು ನನ್ನ ಪಾದ ನೋಡಿದ್ದು ಅವತ್ತೇ. ಇಬ್ಬರೂ ನಕ್ಕೆವು. ಆಮೇಲೆ ಅಷ್ಟು ಕಷ್ಟವಾಗಲಿಲ್ಲ.

ಸೀಕ್ರೆಟ್ ಸಾಂಟಾ ಅಂತ ಒಂದು ಆಟ ಇತ್ತು. ಚೀಟಿಯಲ್ಲಿ ಬಂದ ಹೆಸರಿನವರಿಗೆ ಉಡುಗೊರೆ ಇಡಬೇಕು, ಯಾರು ಕೊಟ್ಟದ್ದು ಅಂತ ಹೇಳಬಾರದು. ಸಾಂಟಾ ಹಿಂದಿರುವ ಸಂತ ನಿಕೋಲಸ್ ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾ ಎಂಬ ಊರಿನ ಬಿಷಪ್ ಆಗಿದ್ದವರು. ಮೂವರು ಹೆಣ್ಣುಮಕ್ಕಳ ಮದುವೆ ಮಾಡಲಾಗದ ಬಡವನ ಮನೆಯೊಳಕ್ಕೆ ರಾತ್ರಿ ಯಾರಿಗೂ ಕಾಣದಂತೆ ಚಿನ್ನದ ಗಂಟು ಎಸೆದರು ಅಂತ ಕಥೆ. ಮಂಗಳೂರಕ್ಕ ಹೇಳಿದಾಗ ನನಗೆ ನಗು ಬಂತು. ಮದುವೆಗೆ ಮುಯ್ಯಿ ಕೊಡೋದು ಅಲ್ಲೂ ಇತ್ತು, ಮೈಕಿನಲ್ಲಿ ಓದಿಸಲಿಲ್ಲ ಅಷ್ಟೇ.

ಒಂಬತ್ತೂಕಾಲಿಗೆ ಹೊರಟೆವು. ಅವರ ಮನೆಯಲ್ಲಿ ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಕರ್ಜಿಕಾಯಿ ನೋಡಿ, “ಅಮ್ಮ ಮಾಡಿದ್ದಾ?” ಅಂದರು. ಅಂಚು ಮಡಿಚಿದ್ದು ಅತ್ತೆ ಅಂದೆ. ಒಂದನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಸುಮ್ಮನೆ ಕೂತರು. ಅವರ ತಾಯಿ ಹೋದ ಮೇಲೆ ನೆವ್ರಿಯ ಅಂಚನ್ನು ಕೈಯಲ್ಲಿ ಮಡಿಚುವವರು ಅವರ ಮನೆಯಲ್ಲಿ ಯಾರೂ ಉಳಿದಿಲ್ಲವಂತೆ, ಅಚ್ಚಿನಲ್ಲೇ ಒತ್ತುತ್ತಾರಂತೆ. ನಾನು ಅಷ್ಟು ದೂರ ಹೋದದ್ದು ಆ ಹದಿನೈದು ನಿಮಿಷಕ್ಕೆ ಅಂದುಕೊಂಡೆ.

ಕೆಲಸದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಮ್ಯಾನೇಜರ್ ಮುಂದೆ ಅತ್ತೆಯ ಸ್ಥಿತಿ, ಊರಿನ ದೂರ, ನನ್ನ ಕೆಲಸದ ಲೆಕ್ಕ ಎಲ್ಲ ಇಟ್ಟೆ. ಜ್ವರ, ಮದುವೆ ಅಂತ ಹಿಂದೆ ಹೇಳಿದ್ದು ನೆಪ ಅನ್ನೋದನ್ನೂ ಒಪ್ಪಿಕೊಂಡೆ. “ನೋಡೋಣ” ಅಂದರು. ಪಾರ್ಟಿಗೆ ಹೋದೆ ಅಂತ ವಿನಾಯಿತಿ ಕೊಡ್ತಾರೆ ಅನ್ನೋ ಭರವಸೆ ನನಗಿಲ್ಲ. ಆದರೆ ಪರದೆಯ ಚೌಕಕ್ಕೆ ‘ಇಲ್ಲ’ ಅನ್ನೋದಕ್ಕಿಂತ, ಎದುರು ಕೂತು ಮನೆಯ ಕಥೆ ಹೇಳಿದವಳಿಗೆ ‘ಇಲ್ಲ’ ಅನ್ನೋದು ಸ್ವಲ್ಪ ಕಷ್ಟವಾದರೂ ಆಗಲಿ. ಇತ್ತ ಮನೆಯಲ್ಲಿ ಅತ್ತೆ, ನೆಗೆಣ್ಣಿಯನ್ನು ಎಬ್ಬಿಸಲು ಸಂಕೋಚಪಟ್ಟು ಒಂದು ರಾತ್ರಿ ನೀರೇ ಕುಡಿಯದೆ ಮಲಗಿದ್ದರಂತೆ. ಹೋಗಿ ಬಂದದ್ದಕ್ಕೆ ಆ ಬೆಲೆ ಅವರು ಕೊಟ್ಟರು. ಅದನ್ನು ಮರೆಯಲಾರೆ.

ಎಲ್ಲರೂ ಹೋಗಲೇಬೇಕು ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ನಿಜವಾಗಿ ಬಿಡಲಾಗದ ಪರಿಸ್ಥಿತಿ ಇದ್ದರೆ, ರಾತ್ರಿ ತಂಗಲು ನಂಬಿಕೆಯ ಜಾಗ ಇಲ್ಲದಿದ್ದರೆ, ‘ಬರಲಾಗುವುದಿಲ್ಲ, ಕಾರಣ ಇದು’ ಅಂತ ನೇರ ಬರೆಯಿರಿ. ಜ್ವರದ ನೆಪ ಬೇಡ. ಒಂದು ನೆಪ ಹೇಳಿದರೆ ಮುಂದಿನ ವರ್ಷಕ್ಕೆ ಇನ್ನೊಂದು ಹುಡುಕಬೇಕು. ಪಾರ್ಟಿ ಮಾಡುವವರೂ ಒಮ್ಮೆ ಯೋಚಿಸಲಿ. ರಾತ್ರಿ ಏಳರ ಬದಲು ಮಧ್ಯಾಹ್ನದ ಊಟಕ್ಕೆ ಕರೆದರೆ, ಎಷ್ಟು ಹೆಣ್ಣುಮಕ್ಕಳು ಮನೆಯಲ್ಲಿ ವಾದ ಮಾಡದೆ ಬರಬಹುದು!

ಗುಂಡಿ ಒತ್ತೋ ಮುಂಚೆ ಒಂದು ಪ್ರಶ್ನೆ ಮಾತ್ರ ಕೇಳಿಕೊಳ್ಳಿ: ಅಲ್ಲಿ ನನಗಾಗಿ ಒಬ್ಬರಾದರೂ ಕಾಯ್ತಿದ್ದಾರಾ? ಇದ್ದರೆ, ಉಳಿದ ನಲವತ್ತು ಜನರ ಚಿಂತೆ ಬಿಡಿ.

ಮೊನ್ನೆ ಮಂಗಳೂರಕ್ಕ ಫೋನ್ ಮಾಡಿದ್ದರು. ಊರಿಗೆ ಹೋಗಿ ಮನೆ ಜೋಡಿಸಿದ್ದಾರೆ. “ಡಬ್ಬಿ ನನ್ನ ಹತ್ತಿರವೇ ಉಂಟು, ಖಾಲಿ ಕಳಿಸಲಿಕ್ಕಿಲ್ಲ ಅಂತ ನಿಮ್ಮ ಅತ್ತೆಗೆ ಹೇಳು” ಅಂದರು. ಹೇಳಿದೆ. ಅತ್ತೆ, “ಮುಂದಿನ ಸಲ ನನ್ನೂ ಕರ್ಕೊಂಡು ಹೋಗ್ತೀಯಾ ಮಂಗ್ಳೂರಿಗೆ? ಸಮುದ್ರ ನೋಡಿಲ್ಲ ನಾನು” ಅಂತ ಕೇಳುತ್ತಿದ್ದಾರೆ. ಸೊಂಟದ ಡಾಕ್ಟರನ್ನು ಕೇಳಬೇಕು.